1969ರ ಕ್ಯಾಮರೊಗೆ 15 ಇಂಚಿನ ಚಕ್ರ ಮತ್ತು ಟೈರು: ಹಲವು ವರ್ಷಗಳ ಬಳಕೆಯ ನಂತರದ ವಿಮರ್ಶೆ

ನನ್ನ 1969ರ ಶೆವ್ರೊಲೆ ಕ್ಯಾಮರೊ ಎಸ್‌ಎಸ್ (ಹೆಚ್ಚು ಶಕ್ತಿಯ ಆವೃತ್ತಿ) ಕಾರಿನಲ್ಲಿ ಈಗ ಇರುವುದು ಅಮೆರಿಕನ್ ರೇಸಿಂಗ್ ಸಂಸ್ಥೆಯ ಟಾರ್ಕ್ ಥ್ರಸ್ಟ್ ಮಾದರಿಯ ಐದು ಕಡ್ಡಿಗಳ ಅಲ್ಯೂಮಿನಿಯಂ ಚಕ್ರಗಳು ಮತ್ತು ಬಿಎಫ್‌ಗುಡ್‌ರಿಚ್ ರೇಡಿಯಲ್ ಟಿ/ಎ ಟೈರುಗಳು. ಮುಂದೆ 15 ಇಂಚು ವ್ಯಾಸದ, 7 ಇಂಚು ಅಗಲದ ಚಕ್ರಕ್ಕೆ 225/60ಆರ್15, ಅಂದರೆ 225 ಮಿ.ಮೀ. ಅಗಲದ, ಅದರ ಶೇಕಡಾ 60ರಷ್ಟು ಎತ್ತರದ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಇರುವ, 15 ಇಂಚಿನ ಚಕ್ರಕ್ಕೆ ಕೂರುವ ರೇಡಿಯಲ್ ಟೈರು. ಹಿಂದೆ ಅದೇ ವ್ಯಾಸದ, 8 ಇಂಚು ಅಗಲದ ಚಕ್ರಕ್ಕೆ 245/60ಆರ್15. ಅಮೆರಿಕದ ಮಿಷಿಗನ್‌ನಲ್ಲಿ ಹಿಮವೂ ಅದನ್ನು ಕರಗಿಸಲು ಹಾಕುವ ಉಪ್ಪೂ ರಸ್ತೆಯಿಂದ ಹೋದ ಮೇಲೆ ಹೊರತೆಗೆದು ಶರತ್ಕಾಲದವರೆಗೆ ಓಡಿಸುವ ಕಾರು ಇದು. ಹಲವು ವರ್ಷ ಹೀಗೆ ಓಡಿಸಿದ ಮೇಲೆ, ರಸ್ತೆಯಲ್ಲೇ ಬಳಸುವ ಮೊದಲ ತಲೆಮಾರಿನ (1967–69) ಕ್ಯಾಮರೊಗೆ ಇದಕ್ಕಿಂತ ಒಪ್ಪುವ ಅಳತೆ ಸಿಗುವುದು ಕಷ್ಟವೆಂದು ಖಚಿತವಾಗಿ ಹೇಳಬಲ್ಲೆ.

ಎಸ್‌ಎಸ್ ಮಾದರಿ ಕಾರ್ಖಾನೆಯಿಂದ ಬಂದದ್ದು 14 ಇಂಚಿನ ಚಕ್ರ ಮತ್ತು ಎಫ್70-14 ಟೈರಿನೊಂದಿಗೆ. ಕ್ಯಾಮರೊದ ಇನ್ನೊಂದು ಆವೃತ್ತಿಯಾದ ಅದೇ ವರ್ಷದ ಜೆಡ್/28ಗೆ 15×7 ರ‍್ಯಾಲಿ ಚಕ್ರ ಮತ್ತು ಇ70-15 ಟೈರು ಇತ್ತು. ಆ ಕಾಲದ ಗುರುತಿನಲ್ಲಿ ಮೊದಲ ಅಕ್ಷರ ಟೈರು ಹೊರುವ ಭಾರದ ದರ್ಜೆಯನ್ನು, 70 ಎಂಬುದು ಅಗಲಕ್ಕೆ ಎತ್ತರದ ಶೇಕಡಾ ಪ್ರಮಾಣವನ್ನು ಹೇಳುತ್ತಿತ್ತು. ಇಂದಿನ ಲೆಕ್ಕದಲ್ಲಿ ಎಫ್70-14ಕ್ಕೆ ಹತ್ತಿರವಾದದ್ದು 225/70ಆರ್14. ಅದರ ಒಟ್ಟು ವ್ಯಾಸ ಸುಮಾರು 26.4 ಇಂಚು. ನನ್ನ ಹಿಂದಿನ ಟೈರಿನ ವ್ಯಾಸ 26.6 ಇಂಚು. ಚಕ್ರ ಒಂದು ಇಂಚು ದೊಡ್ಡದಾದರೂ ಟೈರಿನ ಹೊರ ವ್ಯಾಸ ಬಹುತೇಕ ಮೂಲದಷ್ಟೇ ಉಳಿದಿರುವುದರಿಂದ ಕಾರಿನ ನಿಲುವೂ ಸ್ಪೀಡೋಮೀಟರಿನ ಓದುವಿಕೆಯೂ ಕೆಡಲಿಲ್ಲ.

ಅಗಲವಾದ ಟೈರು ಬೇಕೆನ್ನುವವರು ಮೊದಲು ನೋಡಬೇಕಾದದ್ದು ಬ್ಯಾಕ್‌ಸ್ಪೇಸಿಂಗ್. ಚಕ್ರವು ಹಬ್‌ಗೆ (ಆಕ್ಸಲ್ ತುದಿಯಲ್ಲಿ ಚಕ್ರವನ್ನು ಬಿಗಿಯುವ ಭಾಗ) ಕೂರುವ ಮುಖದಿಂದ ಒಳಬದಿಯ ಅಂಚಿನವರೆಗಿನ ದೂರ ಇದು. 8 ಇಂಚಿನ ಚಕ್ರವೆಂದರೆ ಟೈರು ಕೂರುವ ಜಾಗದ ಅಗಲ 8 ಇಂಚು. ಎರಡೂ ಬದಿಯ ಅಂಚು ಸೇರಿದರೆ ಒಟ್ಟು ಸುಮಾರು 9 ಇಂಚಾಗುತ್ತದೆ. ಆದ್ದರಿಂದ 4.5 ಇಂಚಿನ ಬ್ಯಾಕ್‌ಸ್ಪೇಸಿಂಗ್ ಇದ್ದರೆ ಹಬ್‌ನ ಮುಖ ಚಕ್ರದ ನಟ್ಟನಡುವೆ ಬರುತ್ತದೆ. ಕ್ಯಾಮರೊದ ಹಿಂಬದಿಯಲ್ಲಿ ಟೈರಿನ ಒಳಮೈಗೆ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್), ಹೊರಮೈಗೆ ಫೆಂಡರಿನ (ಚಕ್ರದ ಮೇಲಿನ ತಗಡು) ಒಳಮಡಿಕೆ ಅಡ್ಡ ಬರುತ್ತವೆ. ಬ್ಯಾಕ್‌ಸ್ಪೇಸಿಂಗ್ ಹೆಚ್ಚಿದರೆ ಟೈರು ಸ್ಪ್ರಿಂಗಿನ ಕಡೆಗೆ, ಕಡಿಮೆಯಾದರೆ ಫೆಂಡರಿನ ಕಡೆಗೆ ಸರಿಯುತ್ತದೆ. 4.5 ಇಂಚಿನಲ್ಲಿ 245ರ ಟೈರಿಗೆ ಎರಡೂ ಕಡೆ ನೆಮ್ಮದಿಯ ಜಾಗ ಉಳಿದಿದೆ. ಹಿಂದಿನ ಸೀಟಿನಲ್ಲಿ ಇಬ್ಬರು ಕುಳಿತು ಡಿಕ್ಕಿ ತುಂಬಿಕೊಂಡು ಹೋದಾಗಲೂ ಎಲ್ಲಿಯೂ ಉಜ್ಜಿಲ್ಲ. ಇದೇ ಚಕ್ರಕ್ಕೆ 255/60ಆರ್15 ಹಾಕಿ ಓಡಿಸುವವರು ಬಹಳ ಮಂದಿ ಇದ್ದಾರೆ, ಆದರೆ ಆಗ ಜಾಗ ಬಿಗಿಯಾಗುತ್ತದೆ. 275/60ಆರ್15 ಹಾಕಬೇಕೆಂದರೆ ಈ ಕಾರಿನ ತಗಡಿಗೆ ಕೈಹಾಕದೆ ಆಗುವುದಿಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಇನ್ನೊಬ್ಬರ ಕಾರಿನ ಅಳತೆಯನ್ನು ಹಾಗೆಯೇ ನಕಲು ಮಾಡಬಾರದೆಂದು ನಾನು ಒತ್ತಿ ಹೇಳಲು ಕಾರಣವಿದೆ. ಈ ಕಾರುಗಳಲ್ಲಿ ಹಿಂದಿನ ಆಕ್ಸಲ್ ದೇಹದ ನಡುಗೆರೆಯಿಂದ ಕಾಲು ಇಂಚಿನಷ್ಟು ಒಂದು ಬದಿಗೆ ಸರಿದಿರುವುದು ಅಪರೂಪವಲ್ಲ; ಐವತ್ತು ವರ್ಷ ದಾಟಿದ ಕಾರಿನಲ್ಲಿ ಸ್ಪ್ರಿಂಗ್ ಕುಸಿದಿರಬಹುದು, ಯಾವುದೋ ಕಾಲದ ಅಪಘಾತದ ನಂತರ ಫೆಂಡರ್ ಬದಲಾಗಿರಬಹುದು, ಡಿಸ್ಕ್ ಬ್ರೇಕಿಗೆ ಬದಲಾಯಿಸುವ ಕೆಲವು ಕಿಟ್‌ಗಳು ಮುಂದಿನ ಚಕ್ರವನ್ನು ಮೂಲಕ್ಕಿಂತ ಹೊರಕ್ಕೆ ತಳ್ಳಿರಬಹುದು. ಕಾರು ತನ್ನ ಭಾರವನ್ನು ಚಕ್ರಗಳ ಮೇಲೆಯೇ ಹೊತ್ತು ನಿಂತಿರುವಾಗ ಎಡ ಬಲ ಎರಡೂ ಬದಿ ಅಳೆದು, ಕಡಿಮೆ ಜಾಗವಿರುವ ಬದಿಯನ್ನೇ ಆಧಾರವಾಗಿ ಹಿಡಿಯಬೇಕು. ಬೋಲ್ಟ್‌ಗಳ ವೃತ್ತದ ವ್ಯಾಸ ಮಾತ್ರ ಮೊದಲ ತಲೆಮಾರಿನ ಎಲ್ಲ ಕ್ಯಾಮರೊಗಳಿಗೂ ಒಂದೇ: ಐದು ಬೋಲ್ಟ್, 4.75 ಇಂಚು. ಅದೇ ಕಾಲದ ಫೋರ್ಡ್ ಮಸ್ಟಾಂಗ್‌ನದು 4.5 ಇಂಚಾದ್ದರಿಂದ ಅದರ ಚಕ್ರ ಇದಕ್ಕೆ ಕೂರುವುದಿಲ್ಲ.

ಮುಂದೆ 225/60ಆರ್15 ಆಯ್ಕೆ ಮಾಡಿದ್ದು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಫೆಂಡರಿಗೆ ತಾಗಬಾರದೆಂದು. 235 ಸಹ ಕೂರುತ್ತದೆ, ಆದರೆ ಸ್ಪ್ರಿಂಗ್ ಇಳಿಸಿದ ಕಾರಿನಲ್ಲಿ ತಾಗುವ ಸಂಭವವಿದೆ. ಅಳತೆಗಿಂತಲೂ ಹೆಚ್ಚು ವ್ಯತ್ಯಾಸ ತಂದದ್ದು ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನಗಳ ಹೊಂದಾಣಿಕೆ. ಕಾರ್ಖಾನೆ ಕೊಟ್ಟ ಕ್ಯಾಸ್ಟರ್ ಕೋನ (ಚಕ್ರ ತಿರುಗುವ ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಆ ಕಾಲದ ಬಯಾಸ್ ಪ್ಲೈ (ಒಳಗಿನ ದಾರಗಳು ಓರೆಯಾಗಿರುವ) ಟೈರುಗಳಿಗೆ ಹೊಂದಿಸಿದ್ದು, ತೀರಾ ಕಡಿಮೆ. ಮುಂದಿನ ಚಕ್ರವನ್ನು ಹಿಡಿದಿರುವ ಮೇಲಿನ ಕಂಟ್ರೋಲ್ ಆರ್ಮಿನ ಹಿಂದೆ ಇರುವ ಶಿಮ್‌ಗಳನ್ನು (ತೆಳು ತಗಡಿನ ಬಿಲ್ಲೆಗಳನ್ನು) ಹೊಂದಿಸಿ ಅದನ್ನು 3 ಡಿಗ್ರಿಯ ಹತ್ತಿರ ತಂದ ಮೇಲೆ ಹೆದ್ದಾರಿಯಲ್ಲಿ ಕಾರು ಅಲೆಯುವುದು ನಿಂತಿತು, ತಿರುವಿನ ನಂತರ ಸ್ಟೀರಿಂಗ್ ತಾನಾಗಿಯೇ ನೇರಕ್ಕೆ ಮರಳತೊಡಗಿತು. ರೇಡಿಯಲ್ ಟೈರಿಗೆ ಹಣ ಕೊಟ್ಟು ಹಳೆಯ ಕೋನವನ್ನೇ ಉಳಿಸಿಕೊಂಡವರು ಆ ಹಣದ ಅರ್ಧ ಫಲವನ್ನು ಮಾತ್ರ ಪಡೆಯುತ್ತಾರೆ.

ವ್ಯಾಸದ ವಿಷಯವನ್ನು ಗೇರಿನ ದೃಷ್ಟಿಯಿಂದಲೂ ನೋಡಬೇಕು. ನನ್ನ ಕಾರಿನ ಹಿಂದಿನ ಆಕ್ಸಲ್ ಅನುಪಾತ 3.73, ಅಂದರೆ ಚಕ್ರದ ಒಂದು ಸುತ್ತಿಗೆ ಡ್ರೈವ್‌ಶಾಫ್ಟ್ 3.73 ಸುತ್ತು ತಿರುಗುತ್ತದೆ. ನಾಲ್ಕನೆಯ ಗೇರಿನಲ್ಲಿ ಗಂಟೆಗೆ 65 ಮೈಲಿ ವೇಗಕ್ಕೆ ಎಂಜಿನ್ 26.6 ಇಂಚಿನ ಟೈರಿನೊಂದಿಗೆ ನಿಮಿಷಕ್ಕೆ ಸುಮಾರು 3060 ಸುತ್ತು ತಿರುಗುತ್ತದೆ. 28 ಇಂಚಿನ ಟೈರಾದರೆ ಅದು 2910ರ ಸುಮಾರಿಗೆ ಇಳಿಯುತ್ತದೆ. ಹೆದ್ದಾರಿಯಲ್ಲಿ ಅದು ಹಿತವೆನಿಸಿದರೂ ನಿಂತಲ್ಲಿಂದ ಚಿಮ್ಮುವ ಗುಣ ಕುಗ್ಗುತ್ತದೆ, ಮತ್ತು ಇಂಥ ಮಸಲ್ ಕಾರು (ದೊಡ್ಡ ಎಂಜಿನ್ನಿನ ಅಮೆರಿಕನ್ ವೇಗದ ಕಾರು) ಇಟ್ಟುಕೊಳ್ಳುವುದೇ ಆ ಗುಣಕ್ಕಾಗಿ.

17 ಇಂಚಿನ ಚಕ್ರದ ಪರವಾದ ವಾದವನ್ನು ನಾನು ಗೌರವಿಸುತ್ತೇನೆ. ಅದರೊಳಗೆ ದೊಡ್ಡ ಡಿಸ್ಕ್ ಬ್ರೇಕ್ ಕೂರುತ್ತದೆ, ತಿರುವಿನಲ್ಲಿ ಟೈರು ಬಾಗುವುದು ಕಡಿಮೆ, ಆಧುನಿಕ ಸ್ಪೋರ್ಟ್ಸ್ ಟೈರುಗಳ ಆಯ್ಕೆ ಬಹಳ ದೊಡ್ಡದು. 15 ಇಂಚಿನಲ್ಲಿ ಆ ಆಯ್ಕೆ ಕುಗ್ಗುತ್ತಲೇ ಬಂದಿದೆ. ನನ್ನ ಟೈರಿನ ವೇಗದ ದರ್ಜೆ ಎಸ್, ಅಂದರೆ ಗಂಟೆಗೆ 180 ಕಿ.ಮೀ., ಟ್ರ್ಯಾಕ್ ಮೇಲೆ ಓಡಿಸುವವರಿಗೆ ಅದು ಸಾಲದು. ಎತ್ತರದ ಸೈಡ್‌ವಾಲ್ ಇರುವುದರಿಂದ ಸ್ಟೀರಿಂಗ್ ತಿರುಗಿಸಿದ ಕ್ಷಣಕ್ಕೂ ಮೂತಿ ತಿರುಗುವ ಕ್ಷಣಕ್ಕೂ ನಡುವೆ ಸಣ್ಣ ಅಂತರವಿದೆ. ಆದರೆ ಅದೇ ಸೈಡ್‌ವಾಲ್ ಮಿಷಿಗನ್‌ನ ವಸಂತದ ಗುಂಡಿಗಳಲ್ಲಿ ಚಕ್ರವನ್ನು ಕಾಪಾಡಿದೆ: 245/60ರಲ್ಲಿ ಅದರ ಎತ್ತರ 147 ಮಿ.ಮೀ., 245/45ರಲ್ಲಿ ಕೇವಲ 110. ಆಗಸ್ಟ್‌ನಲ್ಲಿ ಡೆಟ್ರಾಯಿಟ್ ಹೊರವಲಯದ ವುಡ್‌ವರ್ಡ್ ಅವೆನ್ಯೂದಲ್ಲಿ 1995ರಿಂದ ನಡೆಯುತ್ತಿರುವ ಡ್ರೀಮ್ ಕ್ರೂಸ್ ಎಂಬ ಹಳೆಯ ಕಾರುಗಳ ಮೆರವಣಿಗೆಯಲ್ಲಿ ಎರಡೂ ಬಗೆಯ ಕಾರುಗಳನ್ನು ಅಕ್ಕಪಕ್ಕ ನೋಡಬಹುದು. ಉಬ್ಬಿದ ಬಿಳಿ ಅಕ್ಷರಗಳ ದಪ್ಪ ಟೈರು ಚಕ್ರಕುಹರವನ್ನು ತುಂಬಿಕೊಂಡಿರುವ ಕ್ಯಾಮರೊ ನನ್ನ ಕಣ್ಣಿಗೆ ಹೆಚ್ಚು ಸಹಜವಾಗಿ ಕಾಣುತ್ತದೆ.

ಆರಂಭದಲ್ಲಿ ಕಂಡ ಒಂದು ತೊಂದರೆಯೆಂದರೆ ಗಂಟೆಗೆ 60 ಮೈಲಿ ವೇಗ ದಾಟಿದಾಗಿನ ನಡುಕ. ಟೈರು ಹಾಕಿದ ಅಂಗಡಿಯಲ್ಲಿ ಚಕ್ರವನ್ನು ಮಧ್ಯದ ರಂಧ್ರದ ಆಧಾರದ ಮೇಲೆ ಬ್ಯಾಲೆನ್ಸ್ ಮಾಡಿದ್ದರು. ಕಾರಿನಲ್ಲಿ ಅದು ಕೇಂದ್ರಕ್ಕೆ ಕೂರುವುದು ನಟ್‌ಗಳ ಮೂಲಕ. ಬೋಲ್ಟ್ ರಂಧ್ರಗಳನ್ನೇ ಹಿಡಿಯುವ ಅಡಾಪ್ಟರ್ ಇರುವ ಇನ್ನೊಂದು ಕಡೆ ಮತ್ತೆ ಬ್ಯಾಲೆನ್ಸ್ ಮಾಡಿಸಿದ ಮೇಲೆ ನಡುಕ ಹೋಯಿತು. ಅಲ್ಯೂಮಿನಿಯಂ ಚಕ್ರದ ನಟ್‌ಗಳನ್ನು ಸ್ವಲ್ಪ ದೂರ ಓಡಿಸಿದ ನಂತರ ಟಾರ್ಕ್ ವ್ರೆಂಚ್‌ನಿಂದ ಮತ್ತೊಮ್ಮೆ ಬಿಗಿ ನೋಡುವುದನ್ನೂ ಬಿಡಬಾರದು.

ನನ್ನ ಟೈರುಗಳ ಕಚ್ಚು (ರಸ್ತೆಗೆ ತಾಗುವ ಮೈಯ ಗೀರುಗಳು) ಇನ್ನೂ ಚೆನ್ನಾಗಿದೆ, ಆದರೆ ಕಡಿಮೆ ಓಡುವ ಕಾರಿನಲ್ಲಿ ಕಚ್ಚು ಸವೆಯುವ ಮುನ್ನವೇ ರಬ್ಬರ್ ಗಟ್ಟಿಯಾಗುತ್ತದೆ. ಸೈಡ್‌ವಾಲ್‌ನಲ್ಲಿ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತಿನ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. ಹತ್ತು ವರ್ಷ ತುಂಬುವ ಮೊದಲೇ ಬದಲಾಯಿಸುತ್ತೇನೆ. ಆಗಲೂ ಇದೇ ಅಳತೆ ಸಿಕ್ಕರೆ ಇದನ್ನೇ ಕೊಳ್ಳುತ್ತೇನೆ. ಸಿಗದಿದ್ದರೆ ಹಿಂದೆ 255/50ಆರ್17, ಮುಂದೆ 245/45ಆರ್17 ಹಾಕಿಸುವ ಯೋಚನೆಯಿದೆ. ಅವುಗಳ ವ್ಯಾಸ ಕ್ರಮವಾಗಿ 27 ಮತ್ತು 25.7 ಇಂಚು, ಈಗಿರುವುದಕ್ಕೆ ಸಮೀಪ.