ಐ7 ಅಂತ ಹೇಳಿ 2011ರ ಚಿಪ್ ಹಾಕಿಕೊಟ್ಟರು: ಹಳೇ ಕಂಪ್ಯೂಟರ್ ಅಪ್‌ಗ್ರೇಡ್ ಮಾಡಿಸುವವರು ದಯವಿಟ್ಟು ಓದಿ

ಮನೆಯ ಹಳೇ ಕಂಪ್ಯೂಟರ್ ಕೊಟ್ಟು, ಮೇಲೊಂದಿಷ್ಟು ದುಡ್ಡು ಹಾಕಿ "ಐ7 ಸಿಸ್ಟಮ್" (ಇಂಟೆಲ್ ಕಂಪನಿಯ ಐ7 ಪ್ರೊಸೆಸರ್, ಅಂದರೆ ಮುಖ್ಯ ಚಿಪ್, ಇರುವ ಕಂಪ್ಯೂಟರ್) ತಗೊಳ್ಳುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. ಇದನ್ನು ಓದಿ ಆಮೇಲೆ ಅಂಗಡಿಗೆ ಹೋಗಿ. ನಮ್ಮ ಅಕ್ಕನಿಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಬರೆಯುತ್ತಿದ್ದೇನೆ.

ಅಕ್ಕ ಇರುವುದು ದಾವಣಗೆರೆಯಲ್ಲಿ. ಮನೆಯಲ್ಲೇ ಡಿಟಿಪಿ ಕೆಲಸ ಮಾಡುತ್ತಾಳೆ. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ, ಆಗಾಗ ಫ್ಲೆಕ್ಸ್ ಡಿಸೈನು. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿ ಕೋರೆಲ್ ಡ್ರಾನಲ್ಲಿ ಜೋಡಿಸುವುದು. ಅವಳ ಹತ್ತಿರ ಇದ್ದದ್ದು ಐ3-7100 ಇರುವ ಡೆಸ್ಕ್‌ಟಾಪ್, 8 ಜಿಬಿ ಡಿಡಿಆರ್4 ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್. 2017ರ ಚಿಪ್ ಅದು. ಕೆಲಸಕ್ಕೆ ಸಾಕಾಗುತ್ತಿತ್ತು, ಆದರೆ ಆನ್ ಆಗೋದು ಬಹಳ ನಿಧಾನ, ದೊಡ್ಡ ಫೈಲ್ ತೆರೆಯೋದು ಇನ್ನೂ ನಿಧಾನ.

2025ರ ಸೆಪ್ಟೆಂಬರಿನಲ್ಲಿ ಮೌಸ್ ಕೆಟ್ಟಿತು ಅಂತ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋಗಿದ್ದಾಳೆ. ಅಂಗಡಿ ಹೆಸರು ಇಲ್ಲಿ ಬರೆಯುವುದಿಲ್ಲ, ದೂರು ಕೊಟ್ಟಿದ್ದೇವೆ, ಅದು ಅಲ್ಲೇ ತೀರ್ಮಾನ ಆಗಲಿ. ಅಲ್ಲಿದ್ದವರು ನೇರವಾಗಿ ಹೆದರಿಸಿದ್ದಾರೆ: "ಮೇಡಂ, ನಿಮ್ಮದು ಸೆವೆಂತ್ ಜನರೇಷನ್. ಅಕ್ಟೋಬರ್ 14ಕ್ಕೆ ವಿಂಡೋಸ್ 10 ಬಂದ್ ಆಗುತ್ತೆ. ಆಮೇಲೆ ನಿಮ್ಮ ಸಿಸ್ಟಮ್ಮೇ ಆನ್ ಆಗಲ್ಲ. ಈಗಲೇ ಕೊಟ್ರೆ ಎಕ್ಸ್‌ಚೇಂಜಲ್ಲಿ ಐ7 ಹಾಕಿಕೊಡ್ತೀನಿ. 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ, ವಿಂಡೋಸ್ 11, ಎಲ್ಲಾ ರೆಡಿ."

ಹೀಗೆ ಹೇಳುವವರ ಮಾತಿನಲ್ಲಿ ಅರ್ಧ ನಿಜ ಇರುತ್ತದೆ, ಅದಕ್ಕೇ ಜನ ನಂಬುವುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದು ನಿಜ. ಇಂಟೆಲ್ ಚಿಪ್‌ಗಳಲ್ಲಿ ವಿಂಡೋಸ್ 11ಕ್ಕೆ ಬಹುಮಟ್ಟಿಗೆ 8ನೇ ಜನರೇಷನ್ (ತಲೆಮಾರು) ಅಥವಾ ಅದಕ್ಕಿಂತ ಹೊಸದೇ ಆಗಬೇಕು ಅನ್ನುವುದೂ ನಿಜ. ಆದರೆ ಆ ದಿನ ಕಂಪ್ಯೂಟರ್ ಆಫ್ ಆಗಿ ಕೂರುತ್ತದೆ ಅನ್ನುವುದು ಶುದ್ಧ ಸುಳ್ಳು. ನಿಂತದ್ದು ಮುಖ್ಯವಾಗಿ ಭದ್ರತಾ ಅಪ್‌ಡೇಟ್‌ಗಳು. ಅದಕ್ಕೂ ದಾರಿ ಇದೆ. ಮನೆ ಬಳಕೆಯವರು ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದು ಇಎಸ್‌ಯುಗೆ (ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ) ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಬರುತ್ತದೆ. ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಲಾಗಿನ್ ಆಗಿ ಸೆಟ್ಟಿಂಗ್‌ಗಳ ಬ್ಯಾಕಪ್ ಆನ್ ಮಾಡಿಕೊಂಡರೆ ಅದಕ್ಕೆ ದುಡ್ಡೂ ಇಲ್ಲ. ವಿಂಡೋಸ್ 10 22ಎಚ್2 ಆವೃತ್ತಿಯಲ್ಲಿರಬೇಕು, ಅಷ್ಟೇ. ಇದನ್ನು ಆ ಅಂಗಡಿಯವರು ಹೇಳಲಿಲ್ಲ.

ಅಕ್ಕ ಹಳೇ ಸಿಸ್ಟಮ್ ಕೊಟ್ಟು, ಮೇಲೆ 14,000 ರೂಪಾಯಿ ಯುಪಿಐ ಮಾಡಿದಳು. ಬಿಲ್ ಕೇಳಿದ್ದಕ್ಕೆ "ಬಿಲ್ ಬೇಕಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಜಾಸ್ತಿ ಆಗುತ್ತೆ ಮೇಡಂ, ಸುಮ್ನೆ ಯಾಕೆ" ಅಂದರಂತೆ. ಕೈಗೆ ಬಂದದ್ದು ಒಂದು ಎಸ್ಟಿಮೇಟ್ ಚೀಟಿ. ಅದನ್ನು ನಾನು ನೋಡಿದ್ದೇನೆ. ಅಂಗಡಿಯ ಹೆಸರಿನ ರಬ್ಬರ್ ಸೀಲು, ಅದರ ಕೆಳಗೆ ನೀಲಿ ಪೆನ್ನಿನಲ್ಲಿ ಒಂದೇ ಸಾಲು: "ಐ7 ಸಿಸ್ಟಮ್, 16 ಜಿಬಿ, ಎಸ್‌ಎಸ್‌ಡಿ, 1 ವರ್ಷ". ಮಾಡೆಲ್ ನಂಬರ್ ಇಲ್ಲ, ಸೀರಿಯಲ್ ನಂಬರ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಆ "1 ವರ್ಷ" ಯಾವುದಕ್ಕೆ ಅನ್ನುವುದೂ ಇಲ್ಲ.

ಮನೆಗೆ ತಂದ ಮೇಲೆ ಅಕ್ಕನಿಗೆ ಖುಷಿಯೋ ಖುಷಿ. ಗುಂಡಿ ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಆನ್. ಈ ಮೋಸ ನಡೆಯುವುದೇ ಇಲ್ಲಿ, ದಯವಿಟ್ಟು ಗಮನಿಸಿ. ಆ ವೇಗ ಬಂದದ್ದು ಎಸ್‌ಎಸ್‌ಡಿಯಿಂದ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್‌ನಿಂದ. ಐ7ಗೂ ಅದಕ್ಕೂ ಸಂಬಂಧವೇ ಇಲ್ಲ. ಹಳೇ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಯಾವ ಕಂಪ್ಯೂಟರಾದರೂ ಹಾಗೇ ಜಿಗಿಯುತ್ತದೆ. ಅವಳ ಐ3ಗೇ ಒಂದು ಎಸ್‌ಎಸ್‌ಡಿ ಹಾಕಿಸಿದ್ದರೂ ಇದೇ ಸುಖ ಸಿಗುತ್ತಿತ್ತು, ಕೊಟ್ಟ ದುಡ್ಡಿನಲ್ಲಿ ಬಹುಪಾಲು ಉಳಿಯುತ್ತಿತ್ತು. ಆದರೆ ಕೊಂಡವರಿಗೆ ಕಾಣುವುದು ವೇಗ ಒಂದೇ. ಕ್ಯಾಬಿನೆಟ್ ಮೇಲೆ ಐ7 ಸ್ಟಿಕ್ಕರ್ ಬೇರೆ ಇರುತ್ತದೆ. ಇನ್ಯಾಕೆ ಅನುಮಾನ ಬರುತ್ತೆ, ಅಲ್ವಾ?

ದೀಪಾವಳಿಗೆ ನಾನು ಹೋದಾಗ ಅಕ್ಕ ಎರಡು ದೂರು ಹೇಳಿದಳು. ಯೂಟ್ಯೂಬ್ ಹಾಕಿದರೆ ಫ್ಯಾನ್ ಜೋರಾಗಿ ಕೂಗುತ್ತದೆ, ವಿಡಿಯೋ ತಡವರಿಸುತ್ತದೆ. ಫ್ಲೆಕ್ಸ್ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಲು ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಸ ಐ7ನಲ್ಲಿ ಹೀಗಾಗಬಾರದು. ವಿಂಡೋಸ್‌ನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್‌ನಲ್ಲಿ ಸಿಪಿಯು (ಪ್ರೊಸೆಸರ್) ಒತ್ತಿದೆ. ಬಲಗಡೆ ಮೇಲ್ಗಡೆ ಬರೆದಿತ್ತು: ಇಂಟೆಲ್ ಕೋರ್ ಐ7-2600.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಇಂಟೆಲ್ ಡೆಸ್ಕ್‌ಟಾಪ್ ಚಿಪ್‌ಗಳಲ್ಲಿ ಐ3, ಐ5, ಐ7 ಆದ ಮೇಲೆ ಒಂದು ಅಡ್ಡಗೆರೆ, ಅದಾದ ಮೇಲೆ ಅಂಕಿಗಳು ಇರುತ್ತವೆ. ನಾಲ್ಕು ಅಂಕಿ ಇದ್ದರೆ ಮೊದಲನೆಯದು ಜನರೇಷನ್, ಐದು ಇದ್ದರೆ ಮೊದಲ ಎರಡು. 7100 ಅಂದರೆ 7ನೆಯದು, 12100 ಅಂದರೆ 12ನೆಯದು. 2600 ಅಂದರೆ 2ನೆಯದು. ಅದು ಮಾರುಕಟ್ಟೆಗೆ ಬಂದದ್ದು 2011ರ ಜನವರಿಯಲ್ಲಿ. "ನಿಮ್ಮದು ಹಳೇದು" ಅಂತ 2017ರ ಚಿಪ್ ತೆಗೆದುಕೊಂಡು, ಅದಕ್ಕಿಂತ ಆರು ವರ್ಷ ಹಳೇ ಚಿಪ್ ಹಾಕಿ, ಮೇಲೆ ದುಡ್ಡನ್ನೂ ತಗೊಂಡಿದ್ದಾರೆ.

ಐ7-2600 ಆ ಕಾಲಕ್ಕೆ ಒಳ್ಳೇ ಚಿಪ್, ಅದನ್ನು ನಾನು ಹಳಿಯುವುದಿಲ್ಲ. ನಾಲ್ಕು ಕೋರ್ ಇದೆ, ಐ3-7100ರಲ್ಲಿ ಎರಡೇ. ಲೆಕ್ಕ ಹಾಕುವ ಶಕ್ತಿಯಲ್ಲಿ ತೀರಾ ಹಿಂದೇನೂ ಇಲ್ಲ. ಆದರೆ ಮನೆಯಲ್ಲಿ ದಿನಾ ಬೇಕಾಗುವ ವಿಷಯಗಳಲ್ಲಿ ಅದು ಹಿಂದೆ. ಯೂಟ್ಯೂಬ್ ಹೆಚ್ಚಾಗಿ ವಿಪಿ9 ಎಂಬ ರೂಪದಲ್ಲಿ ವಿಡಿಯೋ ಕಳಿಸುತ್ತದೆ. ಐ3-7100ರ ಗ್ರಾಫಿಕ್ಸ್ ಅದನ್ನು ತಾನೇ ಬಿಡಿಸಿಕೊಳ್ಳುತ್ತದೆ. 2600ರ ಗ್ರಾಫಿಕ್ಸ್‌ಗೆ ಅದು ಬರುವುದಿಲ್ಲ, ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬೀಳುತ್ತದೆ, ಬಿಸಿಯಾಗುತ್ತದೆ, ಫ್ಯಾನ್ ಕೂಗುತ್ತದೆ. ಅಕ್ಕನ ಐ3 51 ವಾಟ್‌ನ ಚಿಪ್, ಈ ಐ7 95 ವಾಟ್‌ನದು. ಮದರ್‌ಬೋರ್ಡು (ಚಿಪ್, ರ‍್ಯಾಮ್ ಎಲ್ಲ ಕೂರುವ ಮುಖ್ಯ ಹಲಗೆ) ಎಚ್61 ಎಂಬ ಹಳೇ ಚಿಪ್‌ಸೆಟ್‌ನದು. ಅದರಲ್ಲಿ ವೇಗದ ಯುಎಸ್‌ಬಿ 3.0 ತಾನಾಗಿ ಇಲ್ಲ, ಹಾಗಾಗಿ ಪೆನ್‌ಡ್ರೈವ್ ನಿಧಾನ. ಎಸ್‌ಎಸ್‌ಡಿ ಸಿಕ್ಕಿಸುವ ಸಾಟಾ ಪೋರ್ಟುಗಳೂ ಸೆಕೆಂಡಿಗೆ 3 ಗಿಗಾಬಿಟ್ ವೇಗದ ಹಳೇವು, ಈಗಿನ ಸಾಟಾ ಎಸ್‌ಎಸ್‌ಡಿಗಳ ಪೂರ್ತಿ ವೇಗಕ್ಕೆ ಬೇಕಾಗುವುದು 6. ರ‍್ಯಾಮ್ 16 ಜಿಬಿ ಇದ್ದದ್ದು ನಿಜ, ಆದರೆ ಹಿಂದಿನ ತಲೆಮಾರಿನ ಡಿಡಿಆರ್3. ಅದನ್ನು ತೆಗೆದು ನಾಳೆ ಇನ್ನೊಂದು ಹೊಸ ಬೋರ್ಡಿಗೆ ಹಾಕಲು ಬರುವುದಿಲ್ಲ. ಅಕ್ಕನ ಡಿಡಿಆರ್4 ಸ್ಟಿಕ್ ಅವರ ಪಾಲಾಯಿತು. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಯದ್ವಾತದ್ವಾ ಏರಿತು. ಈಗ ಮತ್ತೆ ಕೊಳ್ಳಬೇಕೆಂದರೆ ಎಷ್ಟಾಗುತ್ತದೆ ಅಂತ ಕೊಂಡವರಿಗೇ ಗೊತ್ತು.

ಕ್ಯಾಬಿನೆಟ್ ಬಿಚ್ಚಿ ನೋಡಿದೆ. ಬೋರ್ಡಿನ ಮೇಲೆ ಯಾವ ಕಂಪನಿಯ ಹೆಸರೂ ಇಲ್ಲ. ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ ಕೊಡುವ ಪೆಟ್ಟಿಗೆ) ಮೇಲೆ ದಪ್ಪ ಅಕ್ಷರದಲ್ಲಿ 450 ವಾಟ್. ಪಕ್ಕದ ಸಣ್ಣ ಪಟ್ಟಿಯಲ್ಲಿ 12 ವೋಲ್ಟ್‌ಗೆ ಕೊಟ್ಟದ್ದು 16 ಆಂಪಿಯರ್. ಗುಣಿಸಿದರೆ 192 ವಾಟ್. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಆಗಲಿ ಗ್ರಾಫಿಕ್ಸ್ ಕಾರ್ಡ್ ಆಗಲಿ ಶಕ್ತಿ ತಗೊಳ್ಳುವುದು ಈ 12 ವೋಲ್ಟ್‌ನಿಂದಲೇ. ನಿಜವಾದ 450 ವಾಟ್‌ನದಾದರೆ ಆ ಜಾಗದಲ್ಲಿ 36 ಆಂಪಿಯರ್ ಆಸುಪಾಸು ಇರಬೇಕು. ನೀವು ಎಸ್‌ಎಂಪಿಎಸ್ ಕೊಳ್ಳುವಾಗ ದಪ್ಪ ಅಕ್ಷರ ಬಿಟ್ಟು ಈ ಪಟ್ಟಿಯನ್ನೇ ಓದಿ.

ನನಗೆ ನಿಜಕ್ಕೂ ಭಯ ಆದದ್ದು ವಿಂಡೋಸ್ ನೋಡಿದಾಗ. 2ನೇ ಜನರೇಷನ್ ಚಿಪ್ ವಿಂಡೋಸ್ 11ಕ್ಕೆ ಅರ್ಹವೇ ಅಲ್ಲ. ಟಿಪಿಎಂ 2.0 (ಭದ್ರತೆಯ ಚಿಪ್) ಬೇಕು, ಡೈರೆಕ್ಟ್‌ಎಕ್ಸ್ 12 ಬರುವ ಗ್ರಾಫಿಕ್ಸ್ ಬೇಕು, ಇದರಲ್ಲಿ ಎರಡೂ ಇಲ್ಲ. ವಿಂಡೋಸ್ 11ರ ಅರ್ಹತೆಯ ಪರೀಕ್ಷೆ ತಪ್ಪಿಸಿ ಹಾಕಿದ್ದಾರೆ. ಹೀಗೆ ಹಾಕಿದ ಕಂಪ್ಯೂಟರಿಗೆ ಅಪ್‌ಡೇಟ್ ಬರುತ್ತದೆ ಅಂತ ಮೈಕ್ರೋಸಾಫ್ಟ್ ಖಾತರಿ ಕೊಡುವುದಿಲ್ಲ. ಅಂದರೆ ಯಾವುದನ್ನು ಹೇಳಿ ಹೆದರಿಸಿ ಮಾರಿದರೋ ಅದೇ ತೊಂದರೆಯನ್ನು ಮನೆಗೆ ಕಳಿಸಿದ್ದಾರೆ. ಆಕ್ಟಿವೇಟ್ ಮಾಡಿದ್ದು ಕ್ರ್ಯಾಕ್‌ನಲ್ಲಿ, ಅಂದರೆ ಲೈಸೆನ್ಸ್ ಇಲ್ಲದೆ ಕಳ್ಳದಾರಿಯಲ್ಲಿ. ವಿಂಡೋಸ್ ಸೆಕ್ಯುರಿಟಿಯ ಎಕ್ಸ್‌ಕ್ಲೂಷನ್ಸ್ ಪಟ್ಟಿ (ವೈರಸ್ ಹುಡುಕದೆ ಬಿಡಬೇಕಾದ ಜಾಗಗಳ ಪಟ್ಟಿ) ತೆರೆದರೆ ಇಡೀ ಸಿ ಡ್ರೈವ್ ಅಲ್ಲಿತ್ತು! ವೈರಸ್ ಹುಡುಕುವವನಿಗೆ ಮನೆಯೊಳಗೇ ಬರಬೇಡ ಅಂತ ಹೇಳಿದ ಹಾಗೆ. ಆ ಕಂಪ್ಯೂಟರಿನಲ್ಲಿ ಅಕ್ಕ ನೆಟ್ ಬ್ಯಾಂಕಿಂಗ್ ಮಾಡುತ್ತಾಳೆ, ಗಿರಾಕಿಗಳು ಕಳಿಸುವ ಆಧಾರ್, ಮಾರ್ಕ್ಸ್ ಕಾರ್ಡ್ ಎಲ್ಲ ಅದರಲ್ಲೇ ಇರುತ್ತವೆ. ನಿಮಗೂ ಯಾರಾದರೂ "ವಿಂಡೋಸ್ ಹಾಕಿ" ಕೊಟ್ಟಿದ್ದರೆ ಆ ಪಟ್ಟಿಯನ್ನು ಇವತ್ತೇ ನೋಡಿ. ಹಳೇ ಸಿಸ್ಟಮ್‌ನಲ್ಲಿ ಅವಳಿಗೆ ಅಸಲಿ ವಿಂಡೋಸ್ 10 ಲೈಸೆನ್ಸ್ ಇತ್ತು. ಕಂಪ್ಯೂಟರ್ ಜೊತೆಗೇ ಬಂದ ಲೈಸೆನ್ಸ್ ಆ ಮದರ್‌ಬೋರ್ಡಿಗೆ ಅಂಟಿಕೊಂಡಿರುತ್ತದೆ, ಬೋರ್ಡ್ ಹೋದರೆ ಅದೂ ಹೋಯಿತು.

ಹಾರ್ಡ್ ಡಿಸ್ಕ್ ವಿಷಯ ಇನ್ನೂ ಸಂಕಟದ್ದು. "ನಿಮ್ಮ ಡೇಟಾ ಎಲ್ಲ ಹೊಸದಕ್ಕೆ ಹಾಕಿದ್ದೀವಿ" ಅಂದಿದ್ದರು. ಹಾಕಿದ್ದು ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ. ಅಕ್ಕ ಕಾರ್ಡುಗಳನ್ನೆಲ್ಲ ಇಡುತ್ತಿದ್ದದ್ದು ಡಿ ಡ್ರೈವ್‌ನಲ್ಲಿ. ವರ್ಷಗಟ್ಟಲೆ ಮಾಡಿದ ಡಿಸೈನುಗಳು. ಒಂದು ಮನೆಯ ದೊಡ್ಡ ಮಗಳ ಮದುವೆ ಕಾರ್ಡ್ ಮಾಡಿಸಿದವರೇ ಚಿಕ್ಕ ಮಗಳ ಮದುವೆಗೂ ಬರುತ್ತಾರೆ, ಹಳೇ ಫೈಲ್ ತೆಗೆದು ಹೆಸರು ಬದಲಿಸಿದರೆ ಅರ್ಧ ಕೆಲಸ ಮುಗಿಯುತ್ತದೆ. ಅವಳ ಬಂಡವಾಳವೇ ಅದು. ಹೋಗಿ ಕೇಳಿದರೆ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಆಗಲೇ ಮಾರಿಯಾಗಿದೆ ಅಂದರು. ಬಹಳ ಹೊತ್ತು ನಿಂತು ಕೇಳಿದ ಮೇಲೆ ಹಾರ್ಡ್ ಡಿಸ್ಕ್ ವಾಪಸ್ ಕೊಟ್ಟರು, ಫಾರ್ಮ್ಯಾಟ್ ಆಗಿತ್ತು. ರಿಕವರಿ ಸಾಫ್ಟ್‌ವೇರ್ ಹಾಕಿ ತೆಗೆದಾಗ ಸುಮಾರು ಫೈಲ್‌ಗಳು ಸಿಕ್ಕವು, ಆದರೆ ಹೆಸರಿಲ್ಲದೆ, ಬರೀ ನಂಬರ್‌ಗಳಾಗಿ. ರಾತ್ರಿ ಊಟ ಆದ ಮೇಲೆ ಅಕ್ಕ ಒಂದೊಂದೇ ತೆರೆದು, ವಧು-ವರರ ಹೆಸರು ನೋಡಿ, ಅದೇ ಹೆಸರಿಟ್ಟು ಸೇವ್ ಮಾಡುತ್ತಿದ್ದಾಳೆ.

ಇನ್ನೊಂದು ಮಾತು. ನಾನು ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಫೈಲ್ ತೆಗೆದೆ ಅಂದರೆ ಬೇರೆಯವರೂ ತೆಗೆಯಬಹುದು. ಎಕ್ಸ್‌ಚೇಂಜ್ ಮಾಡುವಾಗ ಏನು ಬೇಕಾದರೂ ಕೊಡಿ, ಹಾರ್ಡ್ ಡಿಸ್ಕ್ ಮಾತ್ರ ಬಿಚ್ಚಿಸಿ ಮನೆಗೆ ತನ್ನಿ.

ಸೆಕೆಂಡ್ ಹ್ಯಾಂಡ್ ಮಾರುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರೋಡಿನಲ್ಲೂ ನಮ್ಮ ಊರುಗಳಲ್ಲೂ ಇದು ಇಷ್ಟು ಹಳೇದು, ಇಷ್ಟೇ ಬೆಲೆ ಅಂತ ನೇರವಾಗಿ ಹೇಳಿ ಕೊಡುವವರು ಇದ್ದಾರೆ. ಕಡಿಮೆ ದುಡ್ಡಿರುವ ವಿದ್ಯಾರ್ಥಿಗಳಿಗೆ ಅವರಿಂದ ಉಪಕಾರವೇ ಆಗುತ್ತದೆ. ಹೆದರಿಸಿ, ಮಾಡೆಲ್ ನಂಬರ್ ಮುಚ್ಚಿಟ್ಟು ಮಾರುವುದು ಬೇರೆ.

ಹಾಗಾಗಿ ದುಡ್ಡು ಕೊಡುವ ಮುಂಚೆ ಅಂಗಡಿಯವರಿಂದ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ: ಪ್ರೊಸೆಸರಿನ ಪೂರ್ತಿ ನಂಬರ್, ಬೋರ್ಡಿನ ಕಂಪನಿ ಮತ್ತು ಮಾಡೆಲ್, ರ‍್ಯಾಮ್ ಡಿಡಿಆರ್ ಎಷ್ಟು, ಯಾವುದು ಹೊಸದು ಯಾವುದು ಬಳಸಿದ್ದು, ವಾರಂಟಿ ಯಾರು ಕೊಡುತ್ತಾರೆ. ಬರೆಯಲು ಹಿಂದೆಮುಂದೆ ನೋಡಿದರೆ ಅಲ್ಲಿಂದ ಎದ್ದು ಬನ್ನಿ. ಮನೆಯಲ್ಲಿರುವುದು ವಿಂಡೋಸ್ 11ಕ್ಕೆ ಆಗುತ್ತದೋ ಇಲ್ಲವೋ ತಿಳಿಯಲು ಮೈಕ್ರೋಸಾಫ್ಟ್‌ನದೇ ಪಿಸಿ ಹೆಲ್ತ್ ಚೆಕ್ ಇದೆ, ಉಚಿತ. ಮೊದಲು ಅದನ್ನು ಹಾಕಿ ನೋಡಿ. ನಿಧಾನ ಅನ್ನುವುದೊಂದೇ ತೊಂದರೆಯಾದರೆ ಮೊದಲು ಎಸ್‌ಎಸ್‌ಡಿ ಹಾಕಿಸಿ, ಬೇರೇನೂ ಬೇಡ.

ನಮ್ಮ ವಿಷಯದಲ್ಲಿ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಫೋನ್ ಮಾಡಿ ದೂರು ದಾಖಲಿಸಿದ್ದೇವೆ. ಕನ್ನಡದಲ್ಲೇ ಮಾತಾಡಬಹುದು. ಅದರಿಂದ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದು. ಕೊಂಡ ಮಾಲಿನ ಬೆಲೆ 5 ಲಕ್ಷದವರೆಗೆ ಇದ್ದರೆ ಅಲ್ಲಿ ಶುಲ್ಕವಿಲ್ಲ, ವಕೀಲರು ಬೇಕೇ ಬೇಕು ಅಂತಲೂ ಇಲ್ಲ, ಎರಡು ವರ್ಷದೊಳಗೆ ದೂರು ಕೊಡಬೇಕು. ದೂರು ಹೋದ ಮೇಲೆ ಅಂಗಡಿಯವರು 5,000 ಕಳೆದು ಉಳಿದದ್ದು ವಾಪಸ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಹಳೇ ಸಿಸ್ಟಮ್‌ನ ಬೆಲೆ ಅದರಲ್ಲಿ ಸೇರಿಲ್ಲ, ನಾವು ಒಪ್ಪಿಲ್ಲ. ನಮ್ಮ ಕೈಯಲ್ಲಿ ಸಾಕ್ಷಿ ಅಂತ ಇರುವುದು ಯುಪಿಐ ರಸೀದಿ, ಆ ನೀಲಿ ಪೆನ್ನಿನ ಚೀಟಿ, ಟಾಸ್ಕ್ ಮ್ಯಾನೇಜರಿನ ಫೋಟೋ. ನಿಮ್ಮ ಮನೆಯಲ್ಲೂ ಈಚೆಗೆ ಕೊಂಡ ಐ7 ಇದ್ದರೆ ಆ ಅಂಕಿ ನೋಡಿ ಫೋಟೋ ತೆಗೆದಿಡಿ, ಎಸ್ಟಿಮೇಟ್ ಚೀಟಿ ಇದ್ದರೆ ಬಿಸಾಡಬೇಡಿ.