ಅಮೀನಗಡದ ಕರದಂಟು: ರುಚಿಗೆ ಪೂರ್ತಿ ಅಂಕ, ಡಬ್ಬಿಗೆ ಸೊನ್ನೆ

ಬಾಗಲಕೋಟೆಯ ತವರಿಗೆ ಬಂದಾಗಲೆಲ್ಲ ಅಮೀನಗಡಕ್ಕೆ ಹೋಗಿ ಕರದಂಟು ಕೊಳ್ಳದೆ ನಾನು ವಿಮಾನ ಹತ್ತುವುದಿಲ್ಲ. (ಗೋಕಾಕದವರು ಕ್ಷಮಿಸಲಿ.) ದೊಡ್ಡ ಹೆಸರಿನ ಅಂಗಡಿಗಳು ಅಲ್ಲಿ ಬೇಕಾದಷ್ಟಿವೆ. ನಾನು ಹೋಗುವುದು ಮಾತ್ರ ಬೋರ್ಡಿನ ಅಕ್ಷರ ಅಳಿಸಿಹೋಗಿರುವ ಒಂದು ಸಣ್ಣ ಅಂಗಡಿಗೆ.

ಹೋದ ವರ್ಷ ಅಲ್ಲಿ ಆಗತಾನೆ ಮಾಡಿದ ಕರದಂಟನ್ನು ಪರಾತದಲ್ಲಿ ಹರವಿದ್ದರು. ಎರಡು ಕಿಲೋ ಕೇಳಿದೆ. "ಎಲ್ಲಿಗೆ ಒಯ್ಯಾವ್ರರಿ ಅಕ್ಕಾರ?" ಅಂದರು. ಅಮೆರಿಕಕ್ಕೆ ಅಂದೆ. "ಹಂಗಾದ್ರ ಇದು ಬ್ಯಾಡ್ರಿ. ಬಿಸಿ ಆರಿಲ್ಲ, ಡಬ್ಬ್ಯಾಗ ಬೆವರತೈತಿ. ನಿನ್ನಿದು ಒಯ್ರಿ." ಅವತ್ತೇ ಈ ಅಂಗಡಿ ನಂದು ಅಂತ ಆಯಿತು.

ಅಂಟು ತುಪ್ಪದಲ್ಲಿ ಚೆನ್ನಾಗಿ ಅರಳಿರುತ್ತದೆ. ಕಡಿದರೆ ಕರುಕುರು ಅನ್ನುತ್ತದೆ, ಹಲ್ಲಿಗೆ ಮೆತ್ತುವುದಿಲ್ಲ. ಕೊಬ್ಬರಿ, ಉತ್ತತ್ತಿ, ಗೋಡಂಬಿಗೆ ಕಂಜೂಸಿ ಮಾಡಿಲ್ಲ. ಬೆಲ್ಲ ಒಂಚೂರು ಜಾಸ್ತಿ.

ನಾನು ಇದನ್ನು ತಿನ್ನಿಸುವುದು ಯಾರಿಗೆ ಗೊತ್ತಾ? ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಬಜೆಟ್ ನೋಡುವ ಐದನೇ ಸಮಿತಿಯ ಕಾಗದಪತ್ರದ ಕೆಲಸ ನನ್ನದು. 193 ದೇಶಗಳು. ದೊಡ್ಡ ಸಭಾಂಗಣದ ಸಭೆಗೆ 6 ಭಾಷೆಗಳಲ್ಲಿ ಅನುವಾದ ಇರುತ್ತದೆ. ನಿಜವಾದ ಚೌಕಾಸಿ ನಡೆಯುವುದು ಅನುವಾದಕರಿಲ್ಲದ ಸಣ್ಣ ಕೋಣೆಯಲ್ಲಿ, ಇಂಗ್ಲಿಷಿನಲ್ಲೇ. ಕರಡು ನಿರ್ಣಯದಲ್ಲಿ ಒಪ್ಪಿಗೆಯಾಗದ ಪದವನ್ನು ಚೌಕ ಕಂಸದೊಳಗೆ ಇಡುತ್ತಾರೆ, ಒಪ್ಪಿದ ಮೇಲೆ ಕಂಸ ತೆಗೆಯುತ್ತಾರೆ. ಮತಕ್ಕೆ ಹಾಕದೆ ಒಮ್ಮತದಲ್ಲೇ ಮುಗಿಸಬೇಕು ಅನ್ನುವುದು ಈ ಸಮಿತಿಯ ರೂಢಿ. ಹಾಗಾಗಿ ಒಬ್ಬರು ಹಟ ಹಿಡಿದರೂ ಬೆಳಗಾಗುತ್ತದೆ. ಡಿಸೆಂಬರಿನಲ್ಲಂತೂ ದಿನಾ ಇದೇ ಕಂಸವಧೆ.

ಅಂಥ ಒಂದು ರಾತ್ರಿ ಎರಡು ಗಂಟೆಗೆ ಡಬ್ಬಿ ತೆಗೆದೆ. ಕೈಗಳು ಬಂದವು, ಅರ್ಧಕ್ಕೇ ನಿಂತವು. ಮೊಟ್ಟೆ ಇದೆಯಾ? ಗೋಡಂಬಿ ಅಲರ್ಜಿ ಒಬ್ಬರಿಗೆ. ಇನ್ನೊಬ್ಬರು ಮೆತ್ತಗೆ ಕೇಳಿದರು, ಅಂಟು ಅಂದರೆ ಪ್ರಾಣಿಯ ಮೂಳೆಯಿಂದ ಮಾಡಿದ್ದಾ ಅಂತ. ಅಲ್ಲಪ್ಪಾ, ಗಿಡದ ಅಂಟು ಅಂತ ಹೇಳಿ ಹೇಳಿ ಸಾಕಾಯಿತು. ಡಬ್ಬಿ ಮೇಲೆ ಏನೇನು ಹಾಕಿದೆ ಅಂತ ಒಂದು ಸಾಲು ಬರೆದಿದ್ದರೆ ಈ ಪಾಡು ಇರುತ್ತಿರಲಿಲ್ಲ, ಅಲ್ವಾ? ದುಬೈ ದಾರಿಯಲ್ಲಿ ಹೋಗುವವರಿಗೂ ಅದು ಬೇಕು. ಕರದಂಟಿಗೆ ಕೆಲವರು ಗಸಗಸೆ ಹಾಕುತ್ತಾರೆ, ಅಲ್ಲಿ ಗಸಗಸೆಗೆ ನಿಷೇಧವಿದೆ.

ಇನ್ನು ಆ ರಟ್ಟಿನ ಡಬ್ಬಿ. ತಳದಿಂದ ತುಪ್ಪ ಒಸರಿ ಕರಡು ಪ್ರತಿಯ ಮೇಲೆ ರೂಪಾಯಿಯಗಲ ಕಲೆ ಆಯಿತು, ಸರಿಯಾಗಿ ಕಂಸದ ಮೇಲೇ. ಯಾರೋ "ಈ ಪದ ಹೋಯಿತು ಅಂದುಕೊಳ್ಳೋಣವಾ?" ಅಂದರು. ನಕ್ಕರು, ಆದರೆ ಪದ ಬಿಡಲಿಲ್ಲ. ಕರದಂಟು ಮಾತ್ರ ಖಾಲಿ.

ಈ ಸಲ ಅಂಗಡಿಯವರಿಗೆ ಎಲ್ಲ ಹೇಳಿದೆ. ಮಗಳನ್ನು ಕರೆದು, ಹಾಕಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಚೀಟಿ ಬರೆಸಿ ಕೊಟ್ಟರು. ಡಬ್ಬಿ ಬದಲಾಗಿಲ್ಲ. ಮನೆಯಿಂದ ಸ್ಟೀಲ್ ಡಬ್ಬಿ ಒಯ್ದರೆ ಅದರಲ್ಲೇ ತುಂಬಿ ಕೊಡುತ್ತಾರೆ.