ಕಟಟೋನಿಯಾದ ಮೂರು ಆಲ್ಬಮ್, ಒಂದೇ ಮೆಟ್ರೋ ದಾರಿ

ಜೂನ್‌ನಲ್ಲಿ ಮೈಸೂರಿನಿಂದ ಚಿಕ್ಕಪ್ಪನ ಮಗ ಒಂದು ಮೆಸೇಜ್ ಹಾಕಿದ್ದ. “ಅಣ್ಣಾ, ಕಟಟೋನಿಯಾ ಹೊಸ ಆಲ್ಬಮ್ ಬಂತಂತೆ. ಅದರಿಂದಲೇ ಶುರು ಮಾಡ್ಲಾ, ಇಲ್ಲಾ ಹಳೇದು ಕೇಳ್ಲಾ? ಯಾವುದಾದ್ರೂ ಒಂದು ಹೇಳು.” ಉತ್ತರ ಕೊಡಲು ನನಗೆ ನವೆಂಬರ್ ಬರಬೇಕಾಯಿತು. ಜೂನ್‌ನಲ್ಲೇ ಕೊಟ್ಟಿದ್ದರೆ ತಪ್ಪು ಉತ್ತರ ಕೊಡುತ್ತಿದ್ದೆ.

ನಾನಿರುವುದು ಸ್ಟಾಕ್‌ಹೋಮ್‌ನ ಅಕಲ್ಲಾದಲ್ಲಿ, ಮೆಟ್ರೋದ ನೀಲಿ ಲೈನ್ ಮುಗಿಯುವ ಕಡೆ. ಕಟಟೋನಿಯಾ ಇದೇ ಊರಿನ ಮೆಟಲ್ ಬ್ಯಾಂಡು, ಅಂದರೆ ಭಾರದ ಗಿಟಾರಿನ ರಾಕ್ ಸಂಗೀತದವರು. 1991ರಲ್ಲಿ ಹಾಡುಗಾರ ಯೂನಾಸ್ ರೆಂಕ್ಸೆ ಮತ್ತು ಗಿಟಾರ್ ನುಡಿಸುವ ಆಂಡರ್ಸ್ ನ್ಯೂಸ್ಟ್ರಮ್ ಸೇರಿ ಕಟ್ಟಿದ್ದು. ನಾನು ಅವರನ್ನು ಮೊದಲು ಕೇಳಿದ್ದು ಬೆಂಗಳೂರಿನ ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ, ಯಾರದೋ ಹಾರ್ಡ್ ಡಿಸ್ಕಿನಿಂದ ಬಂದ ಫೈಲುಗಳಲ್ಲಿ. ಆಗ ಸ್ವೀಡನ್ ಅಂದರೆ ನನಗೆ ಇವರ ದನಿ ಮಾತ್ರ.

ಹೊಸ ಆಲ್ಬಮ್ಮಿನ ಹೆಸರು ಉದ್ದ: ‘ನೈಟ್‌ಮೇರ್ಸ್ ಆ್ಯಸ್ ಎಕ್ಸ್‌ಟೆನ್ಷನ್ಸ್ ಆಫ್ ದ ವೇಕಿಂಗ್ ಸ್ಟೇಟ್’. ಮುಂದೆ ‘ನೈಟ್‌ಮೇರ್ಸ್’ ಅಂತಲೇ ಬರೆಯುತ್ತೇನೆ. ಬಂದದ್ದು 2025ರ ಜೂನ್ 6, ಶುಕ್ರವಾರ. ಅದು ಸ್ವೀಡನ್ನಿನ ರಾಷ್ಟ್ರೀಯ ದಿನ, ರಜೆ. ಬಸ್ಸುಗಳ ಮೇಲೆ ನೀಲಿ-ಹಳದಿ ಪುಟ್ಟ ಬಾವುಟಗಳು. ಬೆಳಗಿನ ಜಾವ ಮೂರೂವರೆಗೇ ಬೆಳಕಾಗುತ್ತದೆ, ರಾತ್ರಿ ಹತ್ತರ ತನಕ ಸೂರ್ಯ ಮುಳುಗುವುದಿಲ್ಲ. ನಾನು ಹೆಡ್‌ಫೋನ್ ಹಾಕಿಕೊಂಡು ಮನೆ ಪಕ್ಕದ ಯಾರ್ವಾಫೆಲ್ಟೆಟ್ ಬಯಲಿಗೆ ಹೋದೆ. ಎಲ್ಲೆಲ್ಲೂ ಮಕ್ಕಳು, ಗ್ರಿಲ್ಲಿನ ಹೊಗೆ, ಹುಲ್ಲಿನ ಮೇಲೆ ಹಾಸಿದ ಕಂಬಳಿಗಳು. 46 ನಿಮಿಷದ ಆಲ್ಬಮ್ಮನ್ನು ಪೂರ್ತಿ ಕೇಳಿದೆ. ಒಂದು ಹಾಡೂ ಒಳಗೆ ಇಳಿಯಲಿಲ್ಲ. ಆಂಡರ್ಸ್ ಇಲ್ಲದ ಮೊದಲ ಆಲ್ಬಮ್ ಅಲ್ವಾ, ಅದಕ್ಕೇ ಹೀಗಾಗಿದೆ ಅಂದುಕೊಂಡು ಮುಚ್ಚಿಟ್ಟೆ.

ಆಂಡರ್ಸ್ ಬ್ಯಾಂಡ್ ಬಿಟ್ಟ ಸುದ್ದಿ ಬಂದದ್ದು ಅದೇ ವರ್ಷ ಮಾರ್ಚ್‌ನಲ್ಲಿ. ನನ್ನಂಥವರಿಗೆ ಅದು ಸಣ್ಣ ಸುದ್ದಿ ಆಗಿರಲಿಲ್ಲ. ಡ್ರಮ್ಮರ್‌ಗಳು ಬದಲಾಗಿದ್ದರು, ಬಾಸ್ ನುಡಿಸುವವರು ಬದಲಾಗಿದ್ದರು, ಎರಡನೇ ಗಿಟಾರಿಗೆ ಯಾರ್ಯಾರೋ ಬಂದು ಹೋಗಿದ್ದರು. ಈ ಇಬ್ಬರು ಮಾತ್ರ ಹಾಗೇ ಉಳಿದಿದ್ದರು. ಈಗ ಯೂನಾಸ್ ಒಬ್ಬರೇ. ಗಿಟಾರಿಗೆ ನಿಕೋ ಎಲ್ಗ್‌ಸ್ಟ್ರಾಂಡ್ ಮತ್ತು ಸೆಬಾಸ್ಟಿಯನ್ ಸ್ವಾಲಾಂಡ್ ಬಂದಿದ್ದಾರೆ. ಬಾಸಿಗೆ ನಿಕ್ಲಾಸ್ ಸಾಂಡಿನ್, ಡ್ರಮ್ಸಿಗೆ ಡೇನಿಯಲ್ ಮೊಯ್ಲನೆನ್ ಮುಂದುವರಿದಿದ್ದಾರೆ. ಜೂನ್‌ನಲ್ಲಿ ನಾನು ಕೇಳಿದ್ದು ಹಾಡುಗಳನ್ನಲ್ಲ, ಇಲ್ಲದ ಮನುಷ್ಯನನ್ನು. ಇದು ಅರ್ಥವಾಗಲು ಐದು ತಿಂಗಳು ಹಿಡಿಯಿತು.

ನವೆಂಬರ್ ಬಂದರೆ ಇಲ್ಲಿ ನಾಲ್ಕರೊಳಗೇ ಸೂರ್ಯ ಮುಳುಗುತ್ತಾನೆ. ಆಗ ಒಂದು ಯೋಚನೆ ಬಂತು. ಮೂರು ಆಲ್ಬಮ್‌ಗಳನ್ನು ಒಂದೇ ಥರ ಕೇಳಿ ನೋಡೋಣ. 2006ರ ‘ದ ಗ್ರೇಟ್ ಕೋಲ್ಡ್ ಡಿಸ್ಟೆನ್ಸ್’, 2023ರ ‘ಸ್ಕೈ ವಾಯ್ಡ್ ಆಫ್ ಸ್ಟಾರ್ಸ್’, ಮತ್ತೆ ಈ ‘ನೈಟ್‌ಮೇರ್ಸ್’. ಮೂರು ಭಾನುವಾರ, ಕತ್ತಲಾದ ಮೇಲೆ. ಅಕಲ್ಲಾದಲ್ಲಿ ರೈಲು ಹತ್ತುವುದು, ಆ ತುದಿಯ ಕುಂಗ್ಸ್‌ಟ್ರೆಡ್‌ಗೋರ್ಡೆನ್ ತನಕ ಹೋಗಿ ಅದೇ ಲೈನಿನಲ್ಲಿ ವಾಪಸ್ ಬರುವುದು. ಹೋಗಿ ಬರಲು ಹೆಚ್ಚುಕಡಿಮೆ ಒಂದು ಆಲ್ಬಮ್ಮಿನಷ್ಟು ಹೊತ್ತು. ತಿಂಗಳ ಪಾಸ್ ಇರುವುದರಿಂದ ಖರ್ಚಿಲ್ಲ. ಅದೇ ಹೆಡ್‌ಫೋನ್, ಅದೇ ವಾಲ್ಯೂಮ್. ಆ್ಯಪಿನಲ್ಲಿ ಎಲ್ಲ ಹಾಡಿನ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇರುತ್ತಲ್ಲ, ಅದನ್ನೂ ಹಾಕಿಟ್ಟೆ. ಇಲ್ಲದಿದ್ದರೆ ಜೋರಾಗಿರುವುದೇ ಚೆನ್ನಾಗಿದೆ ಅನ್ನಿಸಿಬಿಡುತ್ತದೆ. ಮಧ್ಯೆ ಫೋನ್ ಮುಟ್ಟುವ ಹಾಗಿಲ್ಲ, ಹಾಡು ದಾಟಿಸುವ ಹಾಗಿಲ್ಲ.

2020ರ ‘ಸಿಟಿ ಬರಿಯಲ್ಸ್’ ಯಾಕಿಲ್ಲ ಎಂದು ಕೇಳುವವರು ಇರುತ್ತಾರೆ. ಅದರಲ್ಲಿ ‘ಲ್ಯಾಕರ್’ ಒಂದೇ ಹಾಡಿಗಾಗಿ ನಾನು ಎಷ್ಟು ಬೇಕಾದರೂ ಬರೆಯಬಲ್ಲೆ. ಆದರೆ ಆಲ್ಬಮ್ಮಾಗಿ ಅದು ನನಗೆ ಎರಡು ದೋಣಿಯಲ್ಲಿ ಕಾಲಿಟ್ಟ ಹಾಗೆ ಕೇಳುತ್ತದೆ. ಅರ್ಧ ಹಳೇ ಕಾಲದ ಹೆವಿ ಮೆಟಲ್, ಅರ್ಧ ಮೆಲುದನಿ. ಅದನ್ನು ಬಿಟ್ಟೆ.

ಮೊದಲ ಭಾನುವಾರ ‘ಗ್ರೇಟ್ ಕೋಲ್ಡ್ ಡಿಸ್ಟೆನ್ಸ್’. ಇದನ್ನು ಕೇಳಲು ಶುರು ಮಾಡಿ ಹದಿನೈದು ವರ್ಷಕ್ಕೂ ಜಾಸ್ತಿ ಆಯಿತು, ಬಾಯಿಪಾಠ ಆಗಿದೆ, ಹೊಸದೇನು ಸಿಗುತ್ತದೆ ಅಂದುಕೊಂಡಿದ್ದೆ. ಸಿಕ್ಕಿತು. ಎರಡು ಗಿಟಾರ್‌ಗಳು ಒಂದಕ್ಕೊಂದು ಹೇಗೆ ಜಾಗ ಬಿಟ್ಟುಕೊಡುತ್ತವೆ ಎಂದು ಈ ಸಲ ಗಮನಿಸಿದೆ. ‘ಮೈ ಟ್ವಿನ್’ನಲ್ಲಿ ಭಾರದ ಗಿಟಾರ್ ಗಕ್ಕನೆ ನಿಂತು ಯೂನಾಸ್ ದನಿ ಒಂಟಿಯಾಗುವ ಕ್ಷಣಗಳಿವೆ. ಆ ನಿಲ್ಲುವಿಕೆಯೇ ಈ ಆಲ್ಬಮ್ಮಿನ ಶಕ್ತಿ. ಡ್ರಮ್ಸ್ ಒಣ, ಹತ್ತಿರ, ಎದೆಗೇ ಬಡಿದ ಹಾಗೆ. ‘ಜುಲೈ’ ಬಂದಾಗ ರೈಲು ಸೋಲ್ನಾ ಸೆಂಟ್ರುಮ್ ಹತ್ತಿರ ಇತ್ತು. ಆ ಸ್ಟೇಷನ್ನಿನ ಗುಹೆಯಂಥ ಚಾವಣಿಗೆ ಇಡಿಯಾಗಿ ಕೆಂಪು ಬಳಿದಿದ್ದಾರೆ, ಕೆಳಗೆ ಗೋಡೆ ಉದ್ದಕ್ಕೂ ಹಸಿರು ಕಾಡು ಬರೆದಿದ್ದಾರೆ. ಹಾಸ್ಟೆಲಿನಲ್ಲಿ ಈ ಹಾಡು ಕೇಳುವಾಗ ಕಣ್ಣಿಗೆ ಬರುತ್ತಿದ್ದ ಬಣ್ಣವೂ ಹೆಚ್ಚುಕಡಿಮೆ ಇದೇ. ಈ ಆಲ್ಬಮ್ಮಿನಲ್ಲಿ ಸಿಟ್ಟು ಇದೆ, ಅದು ಮುಖ್ಯ. ದುಃಖದ ಜೊತೆ ಸಿಟ್ಟು. ಆಮೇಲಿನ ಆಲ್ಬಮ್‌ಗಳಲ್ಲಿ ಆ ಸಿಟ್ಟು ಕಡಿಮೆಯಾಗುತ್ತಾ ಬಂತು.

ಎರಡನೇ ಭಾನುವಾರ ‘ಸ್ಕೈ ವಾಯ್ಡ್’. ಮೂರರಲ್ಲಿ ಅತಿ ಬೇಗ ಹತ್ತಿರವಾಗುವುದು ಇದೇ, ಅದರಲ್ಲಿ ಅನುಮಾನ ಇಲ್ಲ. ‘ಆಸ್ಟೆರಿಟಿ’ ಶುರುವಾದ ಕೂಡಲೇ ಕಾಲು ತಾಳ ಹಾಕುತ್ತದೆ. ‘ಬರ್ಡ್ಸ್’ ಓಟದ ಹಾಡು. ‘ಏಟ್ರಿಯಮ್’ನ ಕೋರಸ್ ಒಂದು ಸಲ ಕೇಳಿದರೆ ಸಾಕು, ಮಾರನೇ ದಿನ ಪಾತ್ರೆ ತೊಳೆಯುವಾಗ ಬಾಯಲ್ಲಿ ಬರುತ್ತದೆ. ‘ಇಂಪರ್ಮನೆನ್ಸ್’ನಲ್ಲಿ ಸೋಯೆನ್ ಬ್ಯಾಂಡಿನ ಜೋಯಲ್ ಎಕೆಲೋಫ್ ಜೊತೆಗೆ ಹಾಡಿದ್ದಾರೆ. ಎರಡೂ ಮೆತ್ತನೆ ದನಿಗಳು, ಒಂದರ ಪಕ್ಕ ಒಂದು ಬಂದಾಗ ಯೂನಾಸ್ ದನಿಯಲ್ಲಿರುವ ದಣಿವು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಒಂದೊಂದೇ ಹಾಡು ತೆಗೆದುಕೊಂಡರೆ ಈ ಆಲ್ಬಮ್ಮಿಗೆ ಜಾಸ್ತಿ ಅಂಕ. ಆದರೆ ರೈಲಿನಲ್ಲಿ ಕೂತು ಸತತವಾಗಿ ಕೇಳಿದಾಗ ಒಂದು ಕೊರತೆ ಕಾಣಿಸಿತು. ಎಲ್ಲ ಹಾಡೂ ಹೆಚ್ಚುಕಡಿಮೆ ಒಂದೇ ಎತ್ತರದಲ್ಲಿ ನಿಲ್ಲುತ್ತವೆ. ಕೋರಸ್ ಬರುವುದು ಮೊದಲೇ ಗೊತ್ತಾಗುತ್ತದೆ, ಬಂದೇ ಬರುತ್ತದೆ, ಚೆನ್ನಾಗಿಯೂ ಇರುತ್ತದೆ. ಗ್ರೇಟ್ ಕೋಲ್ಡ್‌ನಲ್ಲಿ ಇದ್ದ ಆ ‘ಈಗ ಏನಾಗುತ್ತದೋ’ ಅನ್ನುವ ಭಯ ಇಲ್ಲಿಲ್ಲ.

ಮೂರನೇ ಭಾನುವಾರ ಮಳೆಯೂ ಅಲ್ಲದ ಹಿಮವೂ ಅಲ್ಲದ ಏನೋ ಒಂದು ಸುರಿಯುತ್ತಿತ್ತು. ‘ನೈಟ್‌ಮೇರ್ಸ್’ ಹಾಕಿದೆ. ‘ಥ್ರೈಸ್’ ಯಾವ ಪೀಠಿಕೆಯೂ ಇಲ್ಲದೆ ನುಗ್ಗುತ್ತದೆ. ಜೂನ್‌ನಲ್ಲಿ ಇದೇ ಹಾಡು ನನಗೆ ತಲೆಬುಡ ಇಲ್ಲದ್ದು ಅನ್ನಿಸಿತ್ತು, ಅಷ್ಟು ಸಲ ದಾರಿ ಬದಲಿಸುತ್ತದೆ. ಈಗ ಕಿಟಕಿಯಾಚೆ ಕತ್ತಲು, ಒಳಗೆ ದಪ್ಪ ಜಾಕೆಟ್ ಹಾಕಿಕೊಂಡು ಮಾತಾಡದೆ ಕೂತ ಜನ, ಆ ಹಾಡು ತನ್ನ ಜಾಗಕ್ಕೆ ಬಂದು ಕೂತಿತು. ‘ಲೈಲ್ಯಾಕ್’ ಸಿಂಗಲ್ಲಾಗಿ ಮೊದಲೇ ಬಂದಿತ್ತು, ಅದು ‘ಸ್ಕೈ ವಾಯ್ಡ್’ನಲ್ಲಿ ಇದ್ದಿದ್ದರೂ ಹೊಂದುತ್ತಿತ್ತು. ‘ಡಿಪಾರ್ಚರ್ ಟ್ರೇಲ್ಸ್’ ಬೇರೆ. ಅದು ಅವಸರವೇ ಇಲ್ಲದ ಹಾಡು. ನಿಧಾನಕ್ಕೆ ಬರುತ್ತದೆ, ನಿಧಾನಕ್ಕೆ ಹೋಗುತ್ತದೆ. ಜೂನ್‌ನಲ್ಲಿ ನಾನು ಇದರ ಅರ್ಧದಲ್ಲಿ ಫೋನ್ ನೋಡುತ್ತಿದ್ದೆ ಎಂದು ನೆನಪಾಗಿ ಬೇಜಾರಾಯಿತು.

ಕೊರತೆಗಳೂ ಇವೆ. ಗಿಟಾರ್‌ಗಳು ಹಲವು ಕಡೆ ದನಿಯ ಹಿಂದೆ ಸರಿದು ನಿಂತಿವೆ. ಹೊಸಬರಿಬ್ಬರೂ ಅಚ್ಚುಕಟ್ಟಾಗಿ ನುಡಿಸುತ್ತಾರೆ. ಆದರೆ ಎರಡು ಗಿಟಾರ್‌ಗಳ ನಡುವೆ ಮಾತುಕತೆ ನಡೆಯುತ್ತಿದೆ ಅನ್ನಿಸುವುದಿಲ್ಲ, ಇಬ್ಬರೂ ಸೇರಿ ಯೂನಾಸ್‌ಗೆ ದಾರಿ ಮಾಡಿಕೊಡುತ್ತಿದ್ದಾರೆ ಅನ್ನಿಸುತ್ತದೆ. ‘ವಾರ್ಡನ್’ ಸಾಧಾರಣ ಹಾಡು, ಅದನ್ನು ತೆಗೆದರೂ ನನಗೆ ನಷ್ಟವಿಲ್ಲ. ಇಡೀ ಭಾರ ಒಂದೇ ದನಿಯ ಮೇಲೆ ಬಿದ್ದಿದೆ. ಆ ದನಿ ಹೊರುತ್ತದೆ ಅನ್ನುವುದೇ ಆಶ್ಚರ್ಯ. ಯಾಕೆಂದರೆ ಇದೇ ಯೂನಾಸ್ ಶುರುವಿನಲ್ಲಿ ಕಿರುಚಿ ಹಾಡುತ್ತಿದ್ದವರು. 1993ರ ಮೊದಲ ಆಲ್ಬಮ್ಮಿನ ನಂತರ ಅವರಿಗೆ ಹಾಗೆ ಹಾಡಲು ಆಗದೆ, 1996ರ ‘ಬ್ರೇವ್ ಮರ್ಡರ್ ಡೇ’ಯಲ್ಲಿ ಆ ಘರ್ಜನೆಯನ್ನು ಗೆಳೆಯ, ಒಪೆತ್ ಬ್ಯಾಂಡಿನ ಮಿಕಾಯೆಲ್ ಓಕರ್‌ಫೆಲ್ಟ್ ಹಾಡಿಕೊಟ್ಟರು. 1998ರಿಂದ ಯೂನಾಸ್ ಮೆಲುದನಿಗೆ ಇಳಿದರು. ಕಟಟೋನಿಯಾ ಅಂದರೆ ಇವತ್ತು ನಾವು ಯಾವ ದನಿ ನೆನೆಯುತ್ತೇವೋ ಅದು ಹುಟ್ಟಿದ್ದು ಹಾಗೆ, ಇನ್ನೊಂದು ದಾರಿ ಮುಚ್ಚಿಹೋದ ಮೇಲೆ.

ಒಂಬತ್ತನೇ ಹಾಡು ಬರುವಾಗ ರೈಲು ವಾಪಸ್ ಹೊರಟಿತ್ತು. ಹಾಲೊನ್‌ಬೆರ್ಯೆನ್ ಮತ್ತು ಶಿಸ್ತಾ ನಡುವೆ ಶುಮ್ಲಿಂಗೆ ಎಂಬ ಸ್ಟೇಷನ್ ಇದೆ. ಕಟ್ಟಲು ಶುರು ಮಾಡಿ ಅರ್ಧಕ್ಕೇ ಬಿಟ್ಟದ್ದು, ಒಂದು ದಿನವೂ ತೆರೆದಿಲ್ಲ. ರೈಲು ನಿಲ್ಲದೆ ಅದರ ಒಳಗಿಂದಲೇ ಹೋಗುತ್ತದೆ. ಸತ್ತವರು ಮಾತ್ರ ಅಲ್ಲಿ ಇಳಿಯುತ್ತಾರೆ ಎಂದು ಇಲ್ಲಿನ ಜನ ಹೇಳುತ್ತಾರೆ. ಆ ಬೋಳು ಕಾಂಕ್ರೀಟ್ ದಾಟುವ ಹೊತ್ತಿಗೆ ಕಿವಿಯಲ್ಲಿ ‘ಎಫ್ತೆರ್ ಸೂಲೆನ್’.

ಈ ಹಾಡು ಸ್ವೀಡಿಷ್‌ನಲ್ಲಿದೆ. ಹೆಸರಿನ ಅರ್ಥ, ಸೂರ್ಯ ಹೋದ ಮೇಲೆ. ಮೆಟಲ್ ಇಲ್ಲವೇ ಇಲ್ಲ ಅನ್ನಬಹುದು, ಎಲೆಕ್ಟ್ರಾನಿಕ್ ತಾಳ, ತೆಳ್ಳಗಿನ ಸಿಂಥ್, ಮೇಲೆ ಆ ದನಿ. ಇಷ್ಟು ವರ್ಷ ಈ ಬ್ಯಾಂಡಿನ ಜೊತೆ ನನ್ನ ಮಾತುಕತೆ ನಡೆದದ್ದು ಇಂಗ್ಲಿಷಿನಲ್ಲಿ. ಅದು ಯೂನಾಸ್‌ಗೂ ಕಲಿತ ಭಾಷೆ, ನನಗೂ ಕಲಿತ ಭಾಷೆ. ಇಲ್ಲಿಗೆ ಬಂದ ಮೇಲೆ ವಲಸಿಗರಿಗೆ ಕೊಡುವ ಸಂಜೆ ತರಗತಿಗೆ ಎರಡು ವರ್ಷ ಹೋಗಿ ಸ್ವೀಡಿಷ್ ಕಲಿತೆ. ತರಕಾರಿ ಕೊಳ್ಳಲು, ಮಗಳ ಶಾಲೆಯ ಟೀಚರ್ ಹತ್ತಿರ ಮಾತಾಡಲು, ಡಾಕ್ಟರಿಗೆ ಎಲ್ಲಿ ನೋವು ಎಂದು ಹೇಳಲು. ಹಾಡು ಕೇಳಲು ಕಲಿತೆ ಎಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಈ ಹಾಡಿನಲ್ಲಿ ಯೂನಾಸ್ ದನಿ ಬೇರೆ ಥರ ಕೇಳುತ್ತದೆ. ಪದಗಳ ಕೊನೆ ಸಡಿಲ, ಸ್ವರಗಳು ತಾವಾಗಿಯೇ ಉದ್ದವಾಗುತ್ತವೆ, ಬೆಳಗಿಂದ ಹೊರಗೆ ದುಡಿದು ಬಂದವರು ಮನೆ ಒಳಗೆ ಕಾಲಿಟ್ಟು ಶೂ ಬಿಚ್ಚಿದ ಹಾಗೆ. ನಾನು ದಿನವಿಡೀ ಆಫೀಸಿನಲ್ಲಿ ಇಂಗ್ಲಿಷ್ ಮಾತಾಡಿ, ಅಂಗಡಿಯಲ್ಲಿ ಸ್ವೀಡಿಷ್ ಮಾತಾಡಿ, ರಾತ್ರಿ ಅಮ್ಮನಿಗೆ ಫೋನ್ ಮಾಡಿ “ಊಟ ಆಯ್ತಾ” ಅಂದಾಗ ನನ್ನ ದನಿಗೂ ಹಾಗೇ ಆಗುತ್ತದೆ ಎಂದು ಹೆಂಡತಿ ಹೇಳುತ್ತಾಳೆ. ಅದು ಅಲ್ಲಿ, ಆ ಹಾಡಿನಲ್ಲಿ, ನನಗೆ ಕೇಳಿಸಿತು.

ಸ್ವೀಡಿಷ್‌ನಲ್ಲಿ ವೇಮೂದ್ ಅಂತ ಒಂದು ಪದ ಇದೆ. ತರಗತಿಯಲ್ಲಿ ಟೀಚರ್ ಅದನ್ನು ದುಃಖ ಎಂದು ಬರೆದುಕೊಳ್ಳಬೇಡಿ ಅಂದಿದ್ದರು. ಅಳು ಬರುವುದಿಲ್ಲ, ಕಾರಣವೂ ಹೇಳಲು ಆಗುವುದಿಲ್ಲ, ಆದರೆ ಹೋದದ್ದು ಹೋಯಿತು ಅನ್ನುವ ಒಂದು ಮೆತ್ತನೆ ಭಾರ. ‘ಗ್ರೇಟ್ ಕೋಲ್ಡ್’ನಲ್ಲಿ ಇರುವುದು ಗಾಯ. ‘ಸ್ಕೈ ವಾಯ್ಡ್’ನಲ್ಲಿ ಆ ಗಾಯದ ಬಗ್ಗೆ ಚೆಂದದ ಹಾಡುಗಳು. ‘ನೈಟ್‌ಮೇರ್ಸ್’ನಲ್ಲಿ ವೇಮೂದ್ ಇದೆ, ಮೂರರಲ್ಲಿ ಅದೊಂದರಲ್ಲೇ ಇದೆ. ಆಂಡರ್ಸ್ ಬಿಟ್ಟುಹೋದ ಜಾಗವನ್ನು ಗಿಟಾರಿನಿಂದ ತುಂಬಲು ಹೋಗದೆ ಹಾಗೇ ಖಾಲಿ ಬಿಟ್ಟದ್ದಕ್ಕೆ ಅದು ಬಂತೇನೋ ಎಂದು ನನ್ನ ಊಹೆ. ಜೂನ್‌ನಲ್ಲಿ ನಾನು ಕೊರತೆ ಅಂದುಕೊಂಡದ್ದೂ ಅದನ್ನೇ.

ಆದರೂ ಒಂದೇ ಆಲ್ಬಮ್ ಇಟ್ಟುಕೋ ಅಂದರೆ ನಾನು ‘ಗ್ರೇಟ್ ಕೋಲ್ಡ್ ಡಿಸ್ಟೆನ್ಸ್’ ಇಟ್ಟುಕೊಳ್ಳುತ್ತೇನೆ. ಹಾಡುಗಳ ಗಟ್ಟಿತನದಲ್ಲಿ ಅದನ್ನು ಇವೆರಡೂ ಮುಟ್ಟುವುದಿಲ್ಲ. ಹೊಸಬರು ಶುರು ಮಾಡಲು ‘ಸ್ಕೈ ವಾಯ್ಡ್’ ಸುಲಭ, ಮೊದಲು ‘ಏಟ್ರಿಯಮ್’, ಆಮೇಲೆ ‘ಬರ್ಡ್ಸ್’. ‘ನೈಟ್‌ಮೇರ್ಸ್’ ಅನ್ನು ಕೊನೆಗೆ ಇಡಬೇಕು, ಕತ್ತಲಾದ ಮೇಲೆ, ಒಬ್ಬರೇ ಇರುವಾಗ, ಮೊದಲಿಂದ ಕೊನೆ ತನಕ. ಇದನ್ನೇ ತಮ್ಮನಿಗೆ ಬರೆದು ಕಳಿಸಿದೆ. ಯಾವುದು ಮೊದಲು, ಯಾವುದು ಆಮೇಲೆ, ಹೆಡ್‌ಫೋನ್ ಸೆಟ್ಟಿಂಗ್ ಏನು, ಎಲ್ಲಾ.

ಎರಡು ದಿನ ಬಿಟ್ಟು ಅವನ ಉತ್ತರ ಬಂತು. ನಾನು ಹೇಳಿದ ಕ್ರಮ ಯಾವುದನ್ನೂ ಅವನು ನೋಡಿರಲಿಲ್ಲ. “ಅಣ್ಣಾ, ಹೆಸರು ನೋಡಿ ಆ ಸ್ವೀಡಿಷ್ ಹಾಡನ್ನೇ ಮೊದಲು ಹಾಕಿದೆ. ಒಂದು ಪದ ಅರ್ಥ ಆಗಲಿಲ್ಲ. ಆದ್ರೂ ನಾಲ್ಕು ಸಲ ಕೇಳಿದೆ. ಏನಂತೆ ಅದು?”

ಇಲ್ಲಿ ಸಂಜೆ ಏಳು. ಅಲ್ಲಿ ರಾತ್ರಿ ಹನ್ನೊಂದೂವರೆ, ಮನೆಯಲ್ಲಿ ಎಲ್ಲರೂ ಮಲಗಿರುತ್ತಾರೆ. ಆದರೂ ಮೆಸೇಜಿನಲ್ಲಿ ಬರೆಯಲು ಮನಸ್ಸಾಗಲಿಲ್ಲ. ಫೋನ್ ಮಾಡಿದೆ, ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ.